ಬೆಸ್ಸಿ ಕೋಲ್ಮನ್ ಕಟ್ಟಲಾಗದ ಶಾಲೆ

2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನ ರೇಗನ್ ವಿಮಾನ ನಿಲ್ದಾಣದ ಹತ್ತಿರ ಒಂದು ಪ್ರಯಾಣಿಕರ ವಿಮಾನ ಮತ್ತು ಸೇನೆಯ ಹೆಲಿಕಾಪ್ಟರ್ ಡಿಕ್ಕಿಯಾದವು. 67 ಜನ ತೀರಿಕೊಂಡರು. ಮರುದಿನವೇ, ತನಿಖೆ ಸರಿಯಾಗಿ ಶುರುವಾಗುವ ಮೊದಲೇ, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ವೈವಿಧ್ಯದ ಹೆಸರಿನ ನೇಮಕಾತಿ ನೀತಿಗಳ ಕಡೆ ಬೆರಳು ತೋರಿಸಿದರು. ಅದಕ್ಕೆ ಪುರಾವೆ ಕೊಡಲಿಲ್ಲ. ಅದೇ ತಿಂಗಳು ಅಮೆರಿಕದ ವಾಯುಸೇನೆ ಹೊಸಬರ ತರಬೇತಿಯಿಂದ ಟಸ್ಕೀಗಿ ಏರ್‌ಮೆನ್ ಬಗೆಗಿನ ವಿಡಿಯೊಗಳನ್ನು ತೆಗೆದುಹಾಕಿತ್ತು. ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಕಪ್ಪು ಪೈಲಟ್‌ಗಳ ಕಥೆ ಅದು. ದೊಡ್ಡ ಗಲಾಟೆಯಾದ ಮೇಲೆ ಕೆಲವೇ ದಿನಗಳಲ್ಲಿ ಮತ್ತೆ ಸೇರಿಸಲಾಯಿತು.

ಅಮೆರಿಕದಲ್ಲಿ ಈಗ ನಡೆಯುತ್ತಿರುವ ಜಗಳ ಇದೇ. ಕಾಕ್‌ಪಿಟ್‌ನಲ್ಲಿ ಕೂತ ಹೆಣ್ಣುಮಗಳು ಅರ್ಹತೆಯಿಂದ ಬಂದಳೋ, ಬಣ್ಣ ಮತ್ತು ಲಿಂಗ ನೋಡಿ ಕರೆದುಕೊಂಡರೋ ಎಂಬ ಅನುಮಾನವನ್ನು ಈಗ ಬಹಿರಂಗವಾಗಿಯೇ ಆಡುತ್ತಿದ್ದಾರೆ. ಈ ಅನುಮಾನ ಎಷ್ಟು ತಲೆಕೆಳಗಾದದ್ದು ಎಂದು ತಿಳಿಯಬೇಕಾದರೆ ನೂರು ವರ್ಷ ಹಿಂದಿನ ಒಬ್ಬ ಹೆಣ್ಣುಮಗಳ ಬದುಕನ್ನು ನೋಡಬೇಕು.

ಬೆಸ್ಸಿ ಕೋಲ್ಮನ್ ಹೆಸರು ಕೇಳಿದವರು ಸಾಮಾನ್ಯವಾಗಿ ಒಂದು ಸಾಲು ಹೇಳುತ್ತಾರೆ: 1921ರಲ್ಲಿ ಪೈಲಟ್ ಲೈಸೆನ್ಸ್ ಪಡೆದ ಮೊದಲ ಆಫ್ರಿಕನ್-ಅಮೆರಿಕನ್ ಮಹಿಳೆ. ಅಮೆರಿಕದ ಮೂಲನಿವಾಸಿ ಬೇರುಗಳಿದ್ದ ಮೊದಲ ಮಹಿಳಾ ಪೈಲಟ್ ಎಂದೂ ಸೇರಿಸುತ್ತಾರೆ. ಎರಡೂ ನಿಜ. ಆದರೆ ಬೆಸ್ಸಿಗೆ ಬೇಕಿದ್ದದ್ದು 'ಮೊದಲಿಗಳು' ಎಂಬ ಹೆಸರಲ್ಲ. ಅವರಿಗೆ ಬೇಕಿದ್ದದ್ದು ಒಂದು ಶಾಲೆ. ತನ್ನ ಜನ ಬಂದು ವಿಮಾನ ಹಾರಿಸುವುದನ್ನು ಕಲಿಯುವಂಥ ಶಾಲೆ. ಅದನ್ನು ಕಟ್ಟಲು ದುಡ್ಡು ಸೇರಿಸುತ್ತಲೇ ಅವರು ಸತ್ತರು. ಆ ಶಾಲೆಯ ಕೊರತೆ ಇವತ್ತಿನ ಜಗಳದ ಬೇರಿನಲ್ಲೂ ಇದೆ.

ಬೆಸ್ಸಿ ಹುಟ್ಟಿದ್ದು 1892ರ ಜನವರಿ 26ರಂದು, ಟೆಕ್ಸಸ್ ರಾಜ್ಯದ ಅಟ್ಲಾಂಟಾ ಎಂಬ ಸಣ್ಣ ಊರಿನಲ್ಲಿ. ಹದಿಮೂರು ಮಕ್ಕಳಲ್ಲಿ ಹತ್ತನೆಯವರು. ಎರಡು ವರ್ಷದವರಿದ್ದಾಗ ಕುಟುಂಬ ವ್ಯಾಕ್ಸಹ್ಯಾಚಿಗೆ ಹೋಯಿತು. ಕೋರಿಗೆ ಹೊಲ ಮಾಡುತ್ತಿದ್ದ ಮನೆ. ಕಪ್ಪು ಮಕ್ಕಳಿಗಿದ್ದದ್ದು ಒಂದೇ ಕೋಣೆಯ ಶಾಲೆ, ಅದಕ್ಕೂ ಮೈಲಿಗಟ್ಟಲೆ ನಡೆಯಬೇಕು. ಹತ್ತಿ ಬಿಡಿಸುವ ಕಾಲ ಬಂತೆಂದರೆ ಶಾಲೆ ಬಂದ್. ಆದರೂ ಹುಡುಗಿ ಲೆಕ್ಕದಲ್ಲಿ ಚುರುಕು. 1901ರಲ್ಲಿ ತಂದೆ ಟೆಕ್ಸಸ್‌ನ ವರ್ಣಭೇದ ಸಾಕಾಗಿ ಓಕ್ಲಹೋಮಾ ಕಡೆ ಹೊರಟುಹೋದರು. ತಾಯಿ ಸೂಸನ್ ಮಕ್ಕಳನ್ನು ಕಟ್ಟಿಕೊಂಡು ಅಲ್ಲೇ ಉಳಿದರು. ಬೆಸ್ಸಿ ಬಟ್ಟೆ ಒಗೆದು ದುಡ್ಡು ಕೂಡಿಟ್ಟು 1910ರಲ್ಲಿ ಓಕ್ಲಹೋಮಾದ ಲ್ಯಾಂಗ್‌ಸ್ಟನ್‌ನಲ್ಲಿದ್ದ ಕಪ್ಪು ಜನರ ಕಾಲೇಜಿಗೆ ಸೇರಿದರು. ಒಂದು ಟರ್ಮ್ ಮುಗಿಯುವಷ್ಟರಲ್ಲಿ ದುಡ್ಡು ಮುಗಿಯಿತು. ವಾಪಸ್ ಬಂದರು.

ಈ ಸಂಗತಿಯನ್ನು ಬಹಳ ಜನ ಬೇಗ ದಾಟಿ ಮುಂದೆ ಹೋಗುತ್ತಾರೆ. ನನಗೆ ಮಾತ್ರ ಅವರ ಇಡೀ ಬದುಕು ಇಲ್ಲೇ ಇದೆ ಅನ್ನಿಸುತ್ತದೆ. ಬುದ್ಧಿ ಇತ್ತು, ಛಲ ಇತ್ತು, ಫೀಸು ಇರಲಿಲ್ಲ.

1915ರಲ್ಲಿ, 23ನೇ ವಯಸ್ಸಿನಲ್ಲಿ, ಅಣ್ಣಂದಿರಿದ್ದ ಶಿಕಾಗೊಗೆ ಹೋದರು. ವೈಟ್ ಸಾಕ್ಸ್ ಎಂಬ ಕ್ಷೌರದಂಗಡಿಯಲ್ಲಿ ಗಿರಾಕಿಗಳ ಉಗುರು ತಿದ್ದುವ ಕೆಲಸ. ಮೊದಲ ಮಹಾಯುದ್ಧ ಮುಗಿಸಿ ಫ್ರಾನ್ಸಿನಿಂದ ಬಂದ ಅಣ್ಣ ಜಾನ್, ಅಲ್ಲಿನ ಹೆಂಗಸರು ವಿಮಾನ ಹಾರಿಸುತ್ತಾರೆ, ನಿಮ್ಮಿಂದ ಎಲ್ಲಾಗುತ್ತದೆ ಎಂದು ಛೇಡಿಸಿದರಂತೆ. ಆ ಮಾತು ಬೆಸ್ಸಿಗೆ ನಾಟಿತು. ಅಣ್ಣ ಹೇಳಿದ್ದು ಸುಳ್ಳೂ ಅಲ್ಲ. ಫ್ರಾನ್ಸಿನ ರೇಮೊಂಡ್ ದ ಲಾರೋಶ್ 1910ರಲ್ಲೇ ಲೈಸೆನ್ಸ್ ಪಡೆದಿದ್ದರು. ಅಮೆರಿಕದಲ್ಲೂ 1911ರಲ್ಲಿ ಹ್ಯಾರಿಯೆಟ್ ಕ್ವಿಂಬಿ ಪಡೆದಿದ್ದರು. ಆದರೆ ಕ್ವಿಂಬಿ ಬಿಳಿಯ ಮಹಿಳೆ. ಬೆಸ್ಸಿ ಅಮೆರಿಕದ ಶಾಲೆಗಳನ್ನು ಕೇಳಿದಾಗ ಒಂದು ಶಾಲೆಯೂ ಸೇರಿಸಿಕೊಳ್ಳಲಿಲ್ಲ. ಹೆಣ್ಣು ಎಂಬುದು ಒಂದು ಅಡ್ಡಿ, ಕಪ್ಪು ಬಣ್ಣ ಇನ್ನೊಂದು. ಕಪ್ಪು ಪೈಲಟ್ ಒಬ್ಬರ ಹತ್ತಿರ ಕಲಿಯೋಣವೆಂದರೆ ಕಲಿಸುವವರೇ ಸಿಗಲಿಲ್ಲ.

ಆಗ ದಾರಿ ತೋರಿಸಿದ್ದು 'ಶಿಕಾಗೊ ಡಿಫೆಂಡರ್' ಪತ್ರಿಕೆಯ ಸಂಪಾದಕ ರಾಬರ್ಟ್ ಅಬಟ್. ಫ್ರಾನ್ಸಿಗೆ ಹೋಗಿ, ಮೊದಲು ಫ್ರೆಂಚ್ ಕಲಿಯಿರಿ ಎಂದರು. ಬೆಸ್ಸಿ ಶಿಕಾಗೊದಲ್ಲೇ ಫ್ರೆಂಚ್ ಪಾಠಕ್ಕೆ ಸೇರಿದರು. ಇನ್ನಷ್ಟು ದುಡಿದು ಉಳಿಸಿದರು. ಅಬಟ್ ಮತ್ತು ಕಪ್ಪು ಬ್ಯಾಂಕರ್ ಜೆಸ್ಸಿ ಬಿಂಗಾ ನೆರವಾದರು. 1920ರ ನವೆಂಬರ್‌ನಲ್ಲಿ ಹಡಗು ಹತ್ತಿದರು. ಉತ್ತರ ಫ್ರಾನ್ಸಿನ ಲ ಕ್ರೊಟುವಾದಲ್ಲಿ ಕೋದ್ರೋನ್ ಸಹೋದರರ ಶಾಲೆ ಅವರನ್ನು ಸೇರಿಸಿಕೊಂಡಿತು. ಕಲಿತದ್ದು ನ್ಯೂಪೋರ್ ಎಂಬ ಎರಡು ರೆಕ್ಕೆಯ ವಿಮಾನದಲ್ಲಿ. ಮರದ ಚೌಕಟ್ಟು, ಬಟ್ಟೆಯ ಹೊದಿಕೆ, ಮೇಲೆ ಚಾವಣಿ ಇಲ್ಲ. ಜೊತೆಯ ವಿದ್ಯಾರ್ಥಿಯೊಬ್ಬರು ಕಣ್ಣೆದುರೇ ಅಪಘಾತದಲ್ಲಿ ಸತ್ತದ್ದನ್ನು ನೋಡಿಯೂ ಪಾಠ ಬಿಡಲಿಲ್ಲ. 1921ರ ಜೂನ್ 15ರಂದು ಅಂತರರಾಷ್ಟ್ರೀಯ ವಾಯುಯಾನ ಒಕ್ಕೂಟದ ಲೈಸೆನ್ಸ್ ಕೈಗೆ ಬಂತು.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. 1921ರಲ್ಲಿ ಅಮೆರಿಕದಲ್ಲಿ ವಿಮಾನ ಹಾರಿಸಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕೇ ಇರಲಿಲ್ಲ! ಆ ಕಾನೂನು ಬಂದದ್ದು 1926ರ ಮೇ 20ರಂದು. ಅಲ್ಲಿಯವರೆಗೆ ಯುದ್ಧದಲ್ಲಿ ಮಿಕ್ಕ ಹಳೆಯ ವಿಮಾನ ಕೊಂಡು, ಯಾರದೋ ಹೊಲದಲ್ಲಿ ಇಳಿಸಿ, ಊರವರಿಗೆ ಆಟ ತೋರಿಸಿ ದುಡ್ಡು ಮಾಡುತ್ತಿದ್ದ ಬಿಳಿಯ ಹುಡುಗರು ಎಷ್ಟೋ ಜನ. ಅವರಲ್ಲಿ ಅನೇಕರ ಹತ್ತಿರ ಯಾವ ಲೈಸೆನ್ಸೂ ಇರಲಿಲ್ಲ. ಬೆಸ್ಸಿ ಮಾತ್ರ ಹೊಸ ಭಾಷೆ ಕಲಿತು, ಸಮುದ್ರ ದಾಟಿ, ತನ್ನ ದೇಶದ ಕಾನೂನು ಕೇಳದಿದ್ದ ಪ್ರಮಾಣಪತ್ರವನ್ನು ತಂದರು. ಇವತ್ತು ಕಪ್ಪು ಪೈಲಟ್ ಹೆಣ್ಣುಮಗಳನ್ನು ನೋಡಿ ಅರ್ಹತೆಯ ಪ್ರಶ್ನೆ ಎತ್ತುವವರು ಈ ಶುರುವನ್ನು ನೆನಪಿಡಬೇಕು. ಅಂದು ಅರ್ಹತೆ ಮೀರಿ ಅರ್ಹತೆ ತೋರಿಸಬೇಕಾಗಿ ಬಂದದ್ದು ಬೆಸ್ಸಿಗೇ.

ಲೈಸೆನ್ಸ್ ಬಂದರೂ ಹೊಟ್ಟೆಪಾಡಿಗೆ ದಾರಿ ಇರಲಿಲ್ಲ. ಪ್ರಯಾಣಿಕರ ವಿಮಾನ ಸೇವೆ ಇನ್ನೂ ಬೆಳೆದಿರಲಿಲ್ಲ. ಪೈಲಟ್‌ಗೆ ದುಡ್ಡು ಸಿಗುತ್ತಿದ್ದದ್ದು ಸಾಹಸ ಪ್ರದರ್ಶನದಲ್ಲಿ. ಆ ಪಟ್ಟುಗಳನ್ನು ಕಲಿಯಲು 1922ರಲ್ಲಿ ಮತ್ತೆ ಯುರೋಪಿಗೆ ಹೋದರು. ಫ್ರಾನ್ಸ್, ಜರ್ಮನಿ ಸುತ್ತಿದರು, ನೆದರ್ಲೆಂಡ್ಸ್‌ನಲ್ಲಿ ವಿಮಾನ ತಯಾರಕ ಆಂಟನಿ ಫೋಕರ್ ಅವರನ್ನು ಭೇಟಿ ಮಾಡಿದರು. ಆ ವರ್ಷದ ಸೆಪ್ಟೆಂಬರ್ 3ರಂದು ನ್ಯೂಯಾರ್ಕ್ ಬಳಿಯ ಕರ್ಟಿಸ್ ಫೀಲ್ಡ್‌ನಲ್ಲಿ ಅಮೆರಿಕದ ನೆಲದಲ್ಲಿ ಅವರ ಮೊದಲ ಪ್ರದರ್ಶನ ನಡೆಯಿತು. ಯುದ್ಧದಲ್ಲಿ ಹೆಸರು ಮಾಡಿದ್ದ ಕಪ್ಪು ಸೈನಿಕರ 369ನೇ ಪಡೆಯ ಗೌರವಕ್ಕಾಗಿ ನಡೆದ ಕಾರ್ಯಕ್ರಮ ಅದು. ಆಮೇಲೆ ಶಿಕಾಗೊ, ಆಮೇಲೆ ದಕ್ಷಿಣದ ಊರುಗಳು. ಜನ ಅವರನ್ನು 'ಕ್ವೀನ್ ಬೆಸ್' ಎಂದು ಕರೆದರು.

ಹೆಸರು ಬಂದಷ್ಟು ಸುಲಭವಾಗಿ ದುಡ್ಡು ಬರಲಿಲ್ಲ. ಅದಕ್ಕೆ ಅವರ ಪಟ್ಟು ಹಿಡಿಯುವ ಸ್ವಭಾವವೂ ಕಾರಣ. ಸಿನಿಮಾದಲ್ಲಿ ನಟಿಸುವ ಅವಕಾಶ ಬಂದಿತ್ತು. ಮೊದಲ ದೃಶ್ಯದಲ್ಲೇ ಹರಕು ಬಟ್ಟೆ ತೊಟ್ಟು, ಕೋಲು ಹಿಡಿದು, ಗಂಟು ಹೊತ್ತು ಬರಬೇಕು ಎಂದರು. ಕಪ್ಪು ಜನರನ್ನು ಹಾಗೆ ತೋರಿಸಲು ನಾನು ಒಪ್ಪುವುದಿಲ್ಲ ಎಂದು ಬಿಟ್ಟು ಬಂದರು. ತಾನು ಬೆಳೆದ ವ್ಯಾಕ್ಸಹ್ಯಾಚಿಯಲ್ಲಿ ಪ್ರದರ್ಶನ ಗೊತ್ತಾದಾಗ ಬಿಳಿಯರಿಗೊಂದು, ಕಪ್ಪು ಜನರಿಗೊಂದು ಗೇಟು ಇಡುವ ಮಾತು ಬಂತು. ಹಾಗಾದರೆ ಹಾರುವುದೇ ಇಲ್ಲ ಎಂದರು. ಕೊನೆಗೆ ಗೇಟು ಒಂದೇ ಆಯಿತು, ಒಳಗೆ ಕೂರುವ ಜಾಗ ಮಾತ್ರ ಬೇರೆಯಾಗಿಯೇ ಉಳಿಯಿತು. ಅರ್ಧ ಗೆಲುವು ಅಷ್ಟೆ. ಆದರೆ ಅದು 1920ರ ದಶಕದ ಟೆಕ್ಸಸ್. ಅಲ್ಲಿ ಕಪ್ಪು ಹೆಣ್ಣುಮಗಳೊಬ್ಬಳು ಕರಾರು ಹಾಕಿ ಅರ್ಧ ಗೆದ್ದದ್ದೇ ದೊಡ್ಡದು.

1923ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ಬಳಿ ಅವರ ವಿಮಾನ ಬಿತ್ತು. ಕರ್ಟಿಸ್ ಕಂಪನಿಯ 'ಜೆನ್ನಿ', ಸೇನೆ ಮಾರಿಬಿಟ್ಟ ಹಳೆಯ ಮಾಲು. ಮೇಲೇರುತ್ತಿದ್ದಂತೆ ಎಂಜಿನ್ ನಿಂತುಹೋಯಿತು. ಕಾಲು ಮುರಿಯಿತು, ಪಕ್ಕೆಲುಬು ಮುರಿದವು. ಕೈಯಲ್ಲಿದ್ದ ಒಂದೇ ವಿಮಾನವೂ ಹೋಯಿತು. ಮತ್ತೆ ಮೊದಲಿನಿಂದ ಶುರು. ಚರ್ಚುಗಳಲ್ಲಿ, ಸಿನಿಮಾ ಮಂದಿರಗಳಲ್ಲಿ, ಶಾಲೆಗಳಲ್ಲಿ ಭಾಷಣ. ಹಾರಾಟದ ಫಿಲ್ಮ್ ತೋರಿಸಿ ಟಿಕೆಟ್ ದುಡ್ಡು. ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಒಂದು ಬ್ಯೂಟಿ ಪಾರ್ಲರ್ ಕೂಡ ತೆರೆದರು. ಎಲ್ಲವೂ ಒಂದೇ ಉದ್ದೇಶಕ್ಕೆ: ಒಂದು ವಿಮಾನ, ಆಮೇಲೆ ಶಾಲೆ. ಹೋದಲ್ಲೆಲ್ಲ ಆ ಶಾಲೆಯ ಮಾತೇ.

ಕೊನೆಗೆ ಡಲ್ಲಾಸ್‌ನಲ್ಲಿ ಇನ್ನೊಂದು ಹಳೆಯ ಜೆನ್ನಿ ಸಿಕ್ಕಿತು. 24 ವರ್ಷದ ಬಿಳಿಯ ಮೆಕ್ಯಾನಿಕ್ ವಿಲಿಯಂ ವಿಲ್ಸ್ ಅದನ್ನು ಫ್ಲಾರಿಡಾದ ಜಾಕ್ಸನ್‌ವಿಲ್‌ಗೆ ಹಾರಿಸಿಕೊಂಡು ಬಂದರು. ವಿಮಾನದ ಸ್ಥಿತಿ ಎಷ್ಟು ಕೆಟ್ಟದಾಗಿತ್ತೆಂದರೆ ದಾರಿಯಲ್ಲಿ ಮೂರು ಸಲ ಇಳಿಸಬೇಕಾಯಿತು. ಹತ್ತಿರದವರು ಇದರಲ್ಲಿ ಹಾರಬೇಡಿ ಎಂದರು. 1926ರ ಏಪ್ರಿಲ್ 30. ಮರುದಿನದ ಪ್ರದರ್ಶನದಲ್ಲಿ ಪ್ಯಾರಾಚೂಟ್‌ನಿಂದ ಜಿಗಿಯುವುದಿತ್ತು, ಅದಕ್ಕೆ ಮೈದಾನ ನೋಡಿಕೊಳ್ಳಲು ಇಬ್ಬರೂ ಮೇಲೆ ಹೋದರು. ವಿಲ್ಸ್ ನಡೆಸುತ್ತಿದ್ದರು. ಬೆಸ್ಸಿ ಬಗ್ಗಿ ಕೆಳಗೆ ನೋಡಬೇಕಿದ್ದರಿಂದ ಬೆಲ್ಟ್ ಹಾಕಿರಲಿಲ್ಲ. ವಿಮಾನ ಒಮ್ಮೆಲೆ ಮೂತಿ ಕೆಳಗೆ ಮಾಡಿ ಸುತ್ತತೊಡಗಿ ಮಗುಚಿತು. ಬೆಸ್ಸಿ ಹೊರಗೆ ಎಸೆಯಲ್ಪಟ್ಟು ಬಿದ್ದು ಸತ್ತರು. ವಿಲ್ಸ್ ವಿಮಾನದ ಜೊತೆಗೇ ಹೋದರು. ಎಂಜಿನ್ ರಿಪೇರಿಗೆ ಬಳಸಿದ್ದ ಒಂದು ಸ್ಪ್ಯಾನರ್ ಒಳಗೆ ಉಳಿದು, ನಿಯಂತ್ರಣದ ಭಾಗದಲ್ಲಿ ಸಿಕ್ಕಿಕೊಂಡಿತ್ತು. ಬೆಸ್ಸಿಗೆ 34 ವರ್ಷ.

ಸ್ಪ್ಯಾನರ್ ನೇರ ಕಾರಣ ಇರಬಹುದು. ಆದರೆ ಅಂಥ ವಿಮಾನದಲ್ಲಿ ಅವರು ಯಾಕೆ ಕೂರಬೇಕಾಯಿತು ಎಂಬುದನ್ನೂ ಕೇಳಬೇಕು. ಒಳ್ಳೆಯ ವಿಮಾನಕ್ಕೆ ದುಡ್ಡಿರಲಿಲ್ಲ, ಅಷ್ಟೆ. ಬಿಳಿಯರ ಪತ್ರಿಕೆಗಳು ಆ ಸಾವನ್ನು ಹೆಚ್ಚಾಗಿ ವಿಲ್ಸ್ ಅವರ ಸುದ್ದಿಯಾಗಿ ಬರೆದವು. ಶಿಕಾಗೊದಲ್ಲಿ ಮಾತ್ರ ಬೆಸ್ಸಿಯ ಅಂತ್ಯಕ್ರಿಯೆಗೆ ಸಾವಿರಾರು ಜನ ಸೇರಿದರು. ಮುಂದೆ ನಿಂತು ನಡೆಸಿದವರು ಐಡಾ ಬಿ. ವೆಲ್ಸ್, ಗುಂಪು ಹತ್ಯೆಗಳ ವಿರುದ್ಧ ಜೀವನವಿಡೀ ಬರೆದ ಪತ್ರಕರ್ತೆ.

ಬೆಸ್ಸಿ ಸತ್ತ ಮೂರು ವಾರಕ್ಕೆ ಆ ಲೈಸೆನ್ಸ್ ಕಾನೂನು ಬಂತು. ಇನ್ನು ಮುಂದೆ ಹಾರಬೇಕೆಂದರೆ ಸರಿಯಾಗಿ ಕಲಿತು ಪರೀಕ್ಷೆ ಪಾಸಾಗಲೇಬೇಕು. ಸುರಕ್ಷತೆಯ ದೃಷ್ಟಿಯಿಂದ ಬೇಕಾಗಿದ್ದ ಕಾನೂನೇ. ಆದರೆ ಕಲಿಸುವ ಶಾಲೆಗಳ ಬಾಗಿಲು ಮುಚ್ಚಿಯೇ ಇತ್ತು. ಹಾಗಾಗಿ ಬೆಸ್ಸಿ ಕನಸು ಕಂಡ ಶಾಲೆ ಮೊದಲಿಗಿಂತ ಜಾಸ್ತಿ ಅಗತ್ಯವಾಯಿತು.

ಅದನ್ನು ಕೈಗೆತ್ತಿಕೊಂಡವರು ಹಲವರು. 1929ರಲ್ಲಿ ವಿಲಿಯಂ ಪವೆಲ್ ಲಾಸ್ ಏಂಜಲೀಸ್‌ನಲ್ಲಿ ಬೆಸ್ಸಿ ಕೋಲ್ಮನ್ ಏರೋ ಕ್ಲಬ್ ಕಟ್ಟಿದರು. ಶಿಕಾಗೊದಲ್ಲಿ ಕಾರ್ನೀಲಿಯಸ್ ಕಾಫಿ ಮತ್ತು ಜಾನ್ ರಾಬಿನ್ಸನ್ ಎಂಬ ಇಬ್ಬರು ಮೆಕ್ಯಾನಿಕ್‌ಗಳಿದ್ದರು. ಅಲ್ಲಿನ ದೊಡ್ಡ ವಿಮಾನ ಶಾಲೆಗೆ ಅಂಚೆಯಲ್ಲಿ ಅರ್ಜಿ ಹಾಕಿ ಸೀಟು ಪಡೆದರು, ಮುಖ ನೋಡಿದ ಕೂಡಲೇ ಶಾಲೆ ಅವರನ್ನು ಹೊರಗೆ ಕಳಿಸಿತು. ಕೋರ್ಟಿಗೆ ಹೋಗುತ್ತೇವೆ ಎಂದ ಮೇಲೆ ಒಳಗೆ ಬಿಟ್ಟರು. ಮುಂದೆ ಕಾಫಿ ಮತ್ತು ವಿಲ್ಲಾ ಬ್ರೌನ್ ಸೇರಿ ಶಿಕಾಗೊದಲ್ಲಿ ತಮ್ಮದೇ ಶಾಲೆ ನಡೆಸಿದರು. ಈ ವಿಲ್ಲಾ ಬ್ರೌನ್ 1938ರಲ್ಲಿ ಅಮೆರಿಕದ ಒಳಗೇ ಲೈಸೆನ್ಸ್ ಪಡೆದ ಮೊದಲ ಕಪ್ಪು ಮಹಿಳೆ. ಅಂದರೆ ಬೆಸ್ಸಿ ಫ್ರಾನ್ಸಿಗೆ ಹೋಗಿ ತಂದದ್ದನ್ನು ಸ್ವದೇಶದಲ್ಲೇ ಪಡೆಯಲು 17 ವರ್ಷ ಬೇಕಾಯಿತು.

ಆಮೇಲೆ ಎಲ್ಲವನ್ನೂ ಬದಲಿಸಿದ್ದು ಸರ್ಕಾರದ ದುಡ್ಡು. 1939ರಲ್ಲಿ ಅಮೆರಿಕ ಸರ್ಕಾರ ನಾಗರಿಕ ಪೈಲಟ್ ತರಬೇತಿ ಯೋಜನೆಯನ್ನು ಕಾನೂನಾಗಿ ತಂದಿತು. ಕಾಲೇಜು ಹುಡುಗರಿಗೆ ಸರ್ಕಾರಿ ಖರ್ಚಿನಲ್ಲಿ ಹಾರಾಟ ಕಲಿಸುವ ಯೋಜನೆ. ಜನಾಂಗದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎಂದು ಕಾನೂನಿನಲ್ಲೇ ಬರೆದಿತ್ತು. ಕಪ್ಪು ಜನರ ಕಾಲೇಜುಗಳಿಗೆ ಅವಕಾಶ ಸಿಕ್ಕಿತು. ಟಸ್ಕೀಗಿ ಕಾಲೇಜಿಗೆ ಸಿಕ್ಕಿತು. ಕಾಫಿ ಅವರ ಶಾಲೆಗೂ ಸಿಕ್ಕಿತು. ಅಲ್ಲಿ ಕಲಿತ ಕೆಲವರು ಟಸ್ಕೀಗಿಯ ಸೇನಾ ತರಬೇತಿಗೆ ಹೋದರು. 1941ರಿಂದ 1946ರವರೆಗೆ ಅಲ್ಲಿ ಸುಮಾರು ಸಾವಿರ ಕಪ್ಪು ಪೈಲಟ್‌ಗಳು ತಯಾರಾದರು. ದಶಕಗಳ ಕಾಲ 'ಇವರಿಗೆ ಹಾರಿಸುವ ಬುದ್ಧಿ ಇಲ್ಲ' ಎಂದು ಸೇನೆಯ ವರದಿಗಳೇ ಬರೆದಿದ್ದವು. ಫೀಸು ಮತ್ತು ಶಾಲೆ ಸಿಕ್ಕ ಐದೇ ವರ್ಷದಲ್ಲಿ ಸಾವಿರ ಜನ! ನನ್ನ ಮಟ್ಟಿಗೆ ಅರ್ಹತೆಯ ಜಗಳ ಇಲ್ಲಿಗೇ ಮುಗಿಯಬೇಕಿತ್ತು.

ಹೆಣ್ಣುಮಕ್ಕಳ ಪಾಲಿಗೆ ಮಾತ್ರ ಬಾಗಿಲು ಬೇಗ ಮುಚ್ಚಿತು. ಆ ಯೋಜನೆಯಲ್ಲಿ ಹತ್ತು ಗಂಡಸರಿಗೆ ಒಬ್ಬ ಮಹಿಳೆ ಎಂಬ ಲೆಕ್ಕ ಇತ್ತು, 1941ರಲ್ಲಿ ಅದನ್ನೂ ನಿಲ್ಲಿಸಿದರು. ಯುದ್ಧ ಮುಗಿದ ಮೇಲೆ ವಿಮಾನ ಕಂಪನಿಗಳು ಹೆಚ್ಚಾಗಿ ಸೇನೆಯಿಂದ ಬಂದ ಪೈಲಟ್‌ಗಳನ್ನೇ ತೆಗೆದುಕೊಂಡವು. ಸೇನೆಯಲ್ಲಿ ಮಹಿಳೆಯರಿಗೆ ಪೈಲಟ್ ತರಬೇತಿ ಮತ್ತೆ ತೆರೆದದ್ದು 1970ರ ದಶಕದಲ್ಲಿ. ಕಪ್ಪು ಗಂಡಸರಿಗೂ ಸುಲಭ ಇರಲಿಲ್ಲ. ವಾಯುಸೇನೆಯಲ್ಲಿ ಹಾರಿಸಿದ್ದ ಮಾರ್ಲನ್ ಗ್ರೀನ್ ಕಾಂಟಿನೆಂಟಲ್ ಕಂಪನಿಯ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋಗಿ 1963ರಲ್ಲಿ ಗೆದ್ದ ಮೇಲೆಯೇ ದಾರಿ ಬಿಟ್ಟಿತು. ದೊಡ್ಡ ಪ್ರಯಾಣಿಕ ವಿಮಾನ ಕಂಪನಿಯಲ್ಲಿ ಕಪ್ಪು ಮಹಿಳೆ ಪೈಲಟ್ ಆಗಲು 1978 ಬರಬೇಕಾಯಿತು. ಅವರು ಜಿಲ್ ಬ್ರೌನ್.

ಈಗ ಯಾವ ಶಾಲೆಯೂ ಬಣ್ಣ ನೋಡಿ ಹೊರಗೆ ಕಳಿಸುವಂತಿಲ್ಲ. ಆದರೂ ಅಮೆರಿಕದ ಪೈಲಟ್‌ಗಳಲ್ಲಿ ಕಪ್ಪು ಮಹಿಳೆಯರು ಶೇಕಡಾ 1ಕ್ಕಿಂತ ಕಡಿಮೆ. ಯಾಕೆ? ಲೆಕ್ಕ ಹಾಕಿ ನೋಡಿ. ಏನೂ ಗೊತ್ತಿಲ್ಲದ ಹಂತದಿಂದ ಕಮರ್ಷಿಯಲ್ ಲೈಸೆನ್ಸ್ ತನಕ ಹೋಗಲು ಅಲ್ಲಿ ಸುಮಾರು ಒಂದು ಲಕ್ಷ ಡಾಲರ್ ಬೇಕು. ಅದಾದ ಮೇಲೂ ಪ್ರಯಾಣಿಕ ವಿಮಾನ ಕಂಪನಿಗೆ ಸೇರಲು ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟ ಬೇಕು. 2009ರಲ್ಲಿ ಬಫಲೋ ಬಳಿ ನಡೆದ ಕೋಲ್ಗನ್ ವಿಮಾನ ದುರಂತದ ನಂತರ 2013ರಲ್ಲಿ ಬಂದ ನಿಯಮ ಅದು. ಆ ಗಂಟೆಗಳನ್ನು ತುಂಬಿಸಲು ಕಡಿಮೆ ಸಂಬಳಕ್ಕೆ ಹೊಸಬರಿಗೆ ಪಾಠ ಹೇಳುತ್ತಾ, ಸಣ್ಣಪುಟ್ಟ ಹಾರಾಟ ಮಾಡುತ್ತಾ ವರ್ಷಗಳನ್ನು ಕಳೆಯಬೇಕು. ಸಾಲದ ಬಡ್ಡಿ ಮಾತ್ರ ಕಾಯುವುದಿಲ್ಲ. ಅಪ್ಪ-ಅಮ್ಮನ ಮನೆಯನ್ನು ಅಡವಿಟ್ಟು ಸಾಲ ತರಬಲ್ಲವರು ಮುಂದೆ ಹೋಗುತ್ತಾರೆ, ಉಳಿದವರು ಅರ್ಧದಲ್ಲಿ ಬಿಡುತ್ತಾರೆ. ಬೆಸ್ಸಿ ಲ್ಯಾಂಗ್‌ಸ್ಟನ್‌ನಿಂದ ಒಂದೇ ಟರ್ಮಿಗೆ ವಾಪಸ್ ಬಂದದ್ದೂ ಹೀಗೇ ಅಲ್ವಾ?

ವೈವಿಧ್ಯ ಯೋಜನೆಗಳು ಮಾಡುತ್ತಿದ್ದದ್ದು ಈ ಹಂತದ ಕೆಲಸವನ್ನೇ. ಯುನೈಟೆಡ್ ವಿಮಾನ ಕಂಪನಿ 2022ರಲ್ಲಿ ಅರಿಜೋನಾದಲ್ಲಿ ತನ್ನದೇ ತರಬೇತಿ ಶಾಲೆ ತೆರೆಯಿತು. ಕಲಿಯುವವರಲ್ಲಿ ಅರ್ಧದಷ್ಟಾದರೂ ಮಹಿಳೆಯರು ಅಥವಾ ಬಿಳಿಯರಲ್ಲದವರು ಇರಲಿ ಎಂಬ ಗುರಿ ಹೇಳಿಕೊಂಡಿತ್ತು. ಟೀಕೆ ಮಾಡುವವರು ಇದನ್ನೇ 'ಅರ್ಹತೆ ಇಲ್ಲದವರಿಗೆ ಸೀಟು' ಎನ್ನುತ್ತಾರೆ. ಆದರೆ ಆ ಗುರಿ ಶಾಲೆಯ ಬಾಗಿಲಿನದು. ಲೈಸೆನ್ಸ್ ಪರೀಕ್ಷೆ ಎಲ್ಲರಿಗೂ ಒಂದೇ, ವೈದ್ಯಕೀಯ ತಪಾಸಣೆ ಒಂದೇ, 1,500 ಗಂಟೆಯ ನಿಯಮವೂ ಬಣ್ಣ ನೋಡುವುದಿಲ್ಲ. ಪರೀಕ್ಷೆ ಸಡಿಲ ಮಾಡಿದರೆ ನಾನೂ ವಿರೋಧಿಸುತ್ತೇನೆ, ಯಾಕೆಂದರೆ ಆ ವಿಮಾನದಲ್ಲಿ ನಾವೆಲ್ಲ ಕೂರುತ್ತೇವೆ. ಪರೀಕ್ಷೆಗೆ ಕೂರುವ ತನಕ ಬರಲು ನೆರವಾಗುವುದು ಪೂರ್ತಿ ಬೇರೆ ವಿಷಯ.

ಗೌರವಕ್ಕೇನೂ ಕೊರತೆ ಇಲ್ಲ. 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಮಹಿಳೆ ಮೇ ಜೆಮಿಸನ್ ಬೆಸ್ಸಿಯ ಫೋಟೊ ಜೊತೆಗೆ ಒಯ್ದಿದ್ದರು. 1995ರಲ್ಲಿ ಅಂಚೆಚೀಟಿ ಬಂತು. 2022ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಅವರ ಗೌರವಕ್ಕೆ ಪೂರ್ತಿ ಕಪ್ಪು ಮಹಿಳೆಯರೇ ನಡೆಸಿದ ಒಂದು ಹಾರಾಟ ಮಾಡಿತು. 2023ರಲ್ಲಿ 25 ಸೆಂಟ್ ನಾಣ್ಯದ ಮೇಲೆ ಅವರ ಮುಖ ಬಂತು. ಇವೆಲ್ಲ ಸಂತೋಷವೇ. ಆದರೆ ಬೆಸ್ಸಿ ಕೇಳಿದ್ದು ನಾಣ್ಯದ ಮೇಲೆ ತನ್ನ ಮುಖವನ್ನಲ್ಲ.

ಈ ಕಥೆ ಓದುವಾಗ ನಮ್ಮ ಜಕ್ಕೂರು ನೆನಪಾಗುವುದು ಸಹಜ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಶುರುವಾದದ್ದು 1948ರಲ್ಲಿ. ಅದರ ಮೊದಲ ವಿದ್ಯಾರ್ಥಿಗಳ ಸಾಲಿನಲ್ಲೇ ಒಬ್ಬ ಹೆಣ್ಣುಮಗಳಿದ್ದರು, ಉಷಾ ಸುಂದರಂ. 1949ರಲ್ಲಿ ಅಲ್ಲಿಂದ ತೇರ್ಗಡೆಯಾದರು. ಅವರ ಗಂಡ ಕ್ಯಾಪ್ಟನ್ ವಿ. ಸುಂದರಂ ಮೈಸೂರು ಮಹಾರಾಜರ ಪೈಲಟ್ ಆಗಿದ್ದವರು. ಸರ್ಕಾರವೇ ಶಾಲೆ ತೆರೆದರೆ ಹೆಣ್ಣುಮಕ್ಕಳು ಮೊದಲ ದಿನದಿಂದಲೇ ಬರುತ್ತಾರೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಡ.

ಭಾರತದಲ್ಲಿ ಇವತ್ತು ಪೈಲಟ್‌ಗಳಲ್ಲಿ ಸುಮಾರು ಶೇಕಡಾ 15ರಷ್ಟು ಮಹಿಳೆಯರು. ಜಗತ್ತಿನ ಸರಾಸರಿ ಇದರ ಅರ್ಧವೂ ಇಲ್ಲ. ನಾವು ಹೆಮ್ಮೆಪಡುವ ಸಂಖ್ಯೆ ಇದು. ಆದರೆ ಈ ಶೇಕಡಾ 15ರಲ್ಲಿ ಯಾವ ಮನೆಗಳಿಂದ ಬಂದವರು ಎಷ್ಟು ಎಂದು ಯಾರೂ ಕೇಳುವುದಿಲ್ಲ. ಕಮರ್ಷಿಯಲ್ ಲೈಸೆನ್ಸಿಗೆ ಇಲ್ಲಿ 200 ಗಂಟೆಗಳ ಹಾರಾಟ ಬೇಕು. ಅದಕ್ಕೆ ಅರ್ಧ ಕೋಟಿ ರೂಪಾಯಿಯ ಆಸುಪಾಸು ಖರ್ಚು. ಒಂದು ಮಾದರಿಯ ದೊಡ್ಡ ವಿಮಾನ ನಡೆಸಲು ಬೇಕಾದ ಟೈಪ್ ರೇಟಿಂಗ್‌ಗೆ ಮತ್ತೆ ಲಕ್ಷಗಟ್ಟಲೆ ಬೇರೆ. ಸಿಂಧನೂರಿನಲ್ಲೋ ಹಾವೇರಿಯಲ್ಲೋ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಚೆನ್ನಾಗಿ ಮಾಡಿದ ಹುಡುಗಿಗೆ ಈ ದುಡ್ಡು ಎಲ್ಲಿಂದ ಬರಬೇಕು? ಬ್ಯಾಂಕು ಅಡವು ಕೇಳುತ್ತದೆ, ಮನೆಯಲ್ಲಿ ಅಡವಿಡಲು ಎರಡೆಕರೆ ಹೊಲ ಇದ್ದರೂ ಅದನ್ನು ಮಗಳ ಹಾರಾಟಕ್ಕೆ ಇಡುವ ಧೈರ್ಯ ಎಷ್ಟು ಅಪ್ಪಂದಿರಿಗಿದೆ? ಜಕ್ಕೂರಿನಂಥ ಸರ್ಕಾರಿ ಶಾಲೆಯಲ್ಲಿ ಇಂಥ ಹುಡುಗಿಯರಿಗೆ ಪೂರ್ತಿ ಫೀಸು ಸರ್ಕಾರವೇ ಕಟ್ಟುವ ಕೆಲವು ಸೀಟುಗಳು ಪ್ರತಿ ವರ್ಷ ಇರಬೇಕು. ಟೈಪ್ ರೇಟಿಂಗ್‌ನ ಖರ್ಚೂ ಅದರಲ್ಲಿ ಸೇರಿರಬೇಕು, ಯಾಕೆಂದರೆ ಲೈಸೆನ್ಸ್ ಕೈಗೆ ಬಂದ ಮೇಲೂ ಕೆಲಸ ಸಿಗದೆ ಎಷ್ಟೋ ಜನ ಸಿಕ್ಕಿಬೀಳುವುದು ಆ ಹಂತದಲ್ಲೇ.